ಮನೆ ಜಗಲಿಯಲ್ಲಿ ಟ್ಯೂಷನ್: ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಕಲಿಸಲು ಶುರು ಮಾಡುವುದು ಹೇಗೆ

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಟ್ಯೂಷನ್ ಶುರು ಮಾಡಿದ ಮೊದಲ ವರ್ಷ ನನ್ನ ಹತ್ತಿರ 14 ಮಕ್ಕಳಿದ್ದರು. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಹೊತ್ತಿಗೆ ಬರುತ್ತಿದ್ದರು. ಶಾಲೆಯ ಹೋಂವರ್ಕ್ ಮುಗಿಸಿ ಕಳಿಸುತ್ತಿದ್ದೆ, ಮನೆಯವರಿಗೂ ಖುಷಿ ಇತ್ತು. ನಾಲ್ಕು ತಿಂಗಳಾದ ಮೇಲೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಬಂದು, "ಅಕ್ಕೋರೇ, ಪಟ್ಟಿ (ನೋಟ್‌ಬುಕ್) ತುಂಬಾ ಬರೆದಿದ್ದಾಳೆ, ಆದರೆ ಓದು ಅಂದ್ರೆ ಓದುವುದಿಲ್ಲ" ಅಂದರು. ನಾನು ಒಂದು ಹಾಳೆಯಲ್ಲಿ 'ಗಿಡ' ಅಂತ ಬರೆದು ಅವಳ ಮುಂದೆ ಇಟ್ಟೆ. ಓದಲು ಬರಲಿಲ್ಲ. ಅಷ್ಟು ದಿನ ಅವಳು ಪಕ್ಕದವರ ಪಟ್ಟಿ ನೋಡಿ ಅಕ್ಷರಗಳನ್ನು ಚಿತ್ರದ ಹಾಗೆ ಇಳಿಸಿಕೊಂಡಿದ್ದಳು. ನಾನು ದಿನಾ ಅದಕ್ಕೆ ರೈಟ್ ಹಾಕಿದ್ದೆ.

ಆ ಸಂಜೆಯಿಂದ ನಾನು ಟ್ಯೂಷನ್ ನಡೆಸುವ ರೀತಿಯೇ ಬದಲಾಯಿತು. ಸಣ್ಣ ಮಕ್ಕಳ ಟ್ಯೂಷನ್ ಅಂದರೆ ಹೋಂವರ್ಕ್ ಮುಗಿಸಿ ಕೊಡುವುದಲ್ಲ. ಮಗು ಎಲ್ಲಿ ನಿಂತುಬಿಟ್ಟಿದೆ ಅಂತ ಹುಡುಕಿ, ಅಲ್ಲಿಂದ ಕೈ ಹಿಡಿದು ಮುಂದೆ ಕರೆದುಕೊಂಡು ಹೋಗುವುದು. ಕೆಳಗೆ ಬರೆದಿರುವುದೆಲ್ಲ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದದ್ದು.

ಶುರು ಮಾಡುವ ಮೊದಲು

ಡಿಗ್ರಿ ಓದುತ್ತಿರುವವರು, ಡಿ.ಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು, ಮಧ್ಯಾಹ್ನದ ನಂತರ ಸ್ವಲ್ಪ ಬಿಡುವಿರುವ ತಾಯಂದಿರು, ಯಾರು ಬೇಕಾದರೂ ಇದನ್ನು ಮಾಡಬಹುದು. ಐದನೇ ಕ್ಲಾಸಿನವರೆಗೆ ಕಲಿಸಲು ದೊಡ್ಡ ಓದು ಬೇಡ, ತಾಳ್ಮೆ ಬೇಕು, ತಪ್ಪದೆ ದಿನಾ ಕೂರುವ ಅಭ್ಯಾಸ ಬೇಕು. ಒಂದು ವಿಷಯ ಮಾತ್ರ ಗಮನಿಸಿ. ನೀವು ಈಗಾಗಲೇ ಶಾಲೆಯಲ್ಲಿ ಶಿಕ್ಷಕರಾಗಿದ್ದರೆ ಖಾಸಗಿ ಟ್ಯೂಷನ್ ಮಾಡುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನೇರವಾಗಿ ತಡೆಯುತ್ತದೆ. ಇನ್ನು ಮನೆಯಲ್ಲಿ ಆರೆಂಟು ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದು ಬೇರೆ, ಬಾಡಿಗೆ ಕೋಣೆ ಹಿಡಿದು ಬೋರ್ಡು ಹಾಕಿ ಟ್ಯುಟೋರಿಯಲ್ ನಡೆಸುವುದು ಬೇರೆ. ಅಷ್ಟು ದೊಡ್ಡದು ಮಾಡುವ ಯೋಚನೆ ಇದ್ದರೆ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ನೋಂದಣಿ ಬಗ್ಗೆ ಕೇಳಿಕೊಂಡು ಬನ್ನಿ.

ಎಷ್ಟು ಮಕ್ಕಳು? ನನ್ನ ಲೆಕ್ಕ ಒಂದು ಬ್ಯಾಚಿಗೆ ಎಂಟು. ಅದಕ್ಕಿಂತ ಒಂದೂ ಜಾಸ್ತಿ ಬೇಡ. ಒಂದು ಗಂಟೆಯಲ್ಲಿ ಪ್ರತಿ ಮಗುವಿನ ಪಕ್ಕ ಐದಾರು ನಿಮಿಷ ಕೂತು ಓದಿಸಬೇಕು ಅಂದರೆ ಎಂಟಕ್ಕೇ ಹೊತ್ತು ಸಾಲುವುದಿಲ್ಲ. ಒಂದು, ಎರಡು, ಮೂರನೇ ಕ್ಲಾಸಿನವರು ಒಂದು ಬ್ಯಾಚ್. ನಾಲ್ಕು ಐದರವರು ಇನ್ನೊಂದು. ಮೊದಲ ವರ್ಷ ಒಂದೇ ಬ್ಯಾಚ್ ಸಾಕು.

ಜಾಗಕ್ಕೆ ಜಗಲಿಗಿಂತ ಒಳ್ಳೆಯದು ಇಲ್ಲ. ಗಾಳಿ ಬೆಳಕು ಇರುತ್ತದೆ, ಮುಖ್ಯವಾಗಿ ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಬೇರೆಯವರ ಮಕ್ಕಳು ನಮ್ಮ ಮನೆಯಲ್ಲಿ ಇರುವಾಗ ಇದು ದೊಡ್ಡ ವಿಷಯ. ಜಗಲಿ ಇಲ್ಲದಿದ್ದರೆ ಮುಂದಿನ ಕೋಣೆ, ಬಾಗಿಲು ತೆರೆದೇ ಇರಲಿ. ಒಂದು ಮಗುವನ್ನು ಒಂಟಿಯಾಗಿ ಒಳಗಿನ ಕೋಣೆಯಲ್ಲಿ ಕೂರಿಸಿ ಕಲಿಸಬೇಡಿ, ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರುವ ಹೊತ್ತನ್ನೇ ಆರಿಸಿಕೊಳ್ಳಿ. ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಬೇರೆ ಯಾರಾದರೂ ಬಂದರೆ ಮನೆಗೆ ಫೋನ್ ಮಾಡಿಯೇ ಕಳಿಸಿ, ಅವರಿಗೆ ಬೇಜಾರಾದರೂ ಪರವಾಗಿಲ್ಲ. ಮಕ್ಕಳ ಸಹಾಯವಾಣಿ 1098. ಇದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಹೊತ್ತು: ಶಾಲೆ ಬಿಟ್ಟ ಕೂಡಲೇ ಬೇಡ. ಮಗು ಮನೆಗೆ ಹೋಗಿ, ಕೈಕಾಲು ತೊಳೆದು, ಆಸ್ರಿ ಕುಡಿದು, ಅರ್ಧ ಗಂಟೆ ಅಂಗಳದಲ್ಲಿ ಓಡಿ ಬರಲಿ. ನಾನು ಐದೂವರೆಯಿಂದ ಆರೂವರೆ ಇಟ್ಟುಕೊಂಡಿದ್ದೇನೆ. ಒಂದನೇ ಕ್ಲಾಸಿನವರನ್ನು 45 ನಿಮಿಷಕ್ಕೇ ಬಿಡುತ್ತೇನೆ. ಕಾರವಾರ, ಕುಮಟಾ ಕಡೆ ಸೆಕೆಗೆ ಮಕ್ಕಳು ಬೇಗ ಸುಸ್ತಾಗುತ್ತಾರೆ, ಅಲ್ಲಿಯವರು ಕುಡಿಯುವ ನೀರಿನ ಕೊಡ ಪಕ್ಕದಲ್ಲೇ ಇಟ್ಟುಕೊಳ್ಳಿ.

ಖರ್ಚು ಹೆಚ್ಚಿಲ್ಲ. ಒಂದು ಕಪ್ಪು ಹಲಗೆ, ಎರಡು ಚಾಪೆ, ಎಂಟು ಸ್ಲೇಟು, ಬಳಪ, ಒಂದು ಚಾರ್ಜಿಂಗ್ ಲೈಟು. ಮಳೆಗಾಲದಲ್ಲಿ ಹೆಸ್ಕಾಂ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ ಅಲ್ವಾ, ಲೈಟು ಮರೆಯಬೇಡಿ. ಶಾಲೆಯ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಫೋನಿಗೆ ಇಳಿಸಿಕೊಂಡರೆ ಸಾಕು.

ಫೀ

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಶುರು ಮಾಡಿದಾಗ ತಿಂಗಳಿಗೆ ಒಂದು ಮಗುವಿಗೆ 300 ರೂಪಾಯಿ ತೆಗೆದುಕೊಂಡೆ, ಈಗ 500. ಎಂಟು ಮಕ್ಕಳಾದರೆ ತಿಂಗಳಿಗೆ 4,000. ನಿಮ್ಮ ಓಣಿಯಲ್ಲಿ ಎಷ್ಟು ನಡೆಯುತ್ತಿದೆ ಅಂತ ನಾಲ್ಕು ಮನೆಯಲ್ಲಿ ವಿಚಾರಿಸಿ, ಅದರ ಆಸುಪಾಸಿನಲ್ಲೇ ಹೇಳಿ. ಅವರ ಮನೆಗೇ ಹೋಗಿ ಕಲಿಸುವುದಾದರೆ ಹೋಗಿ ಬರುವ ಹೊತ್ತನ್ನೂ ಲೆಕ್ಕ ಹಾಕಿ ಜಾಸ್ತಿ ಕೇಳಬೇಕು.

ಮೊದಲ ದಿನವೇ ಬಾಯಿಬಿಟ್ಟು ಹೇಳಿ: ಪ್ರತಿ ತಿಂಗಳು ಐದನೇ ತಾರೀಖಿನ ಒಳಗೆ, ರಜೆ ಇದ್ದ ತಿಂಗಳೂ ಅಷ್ಟೇ, ಅರ್ಧ ತಿಂಗಳಿಗಿಂತ ಜಾಸ್ತಿ ರಜೆ ಇದ್ದರೆ ಅರ್ಧ. ಹೇಳಲು ನಾಚಿಕೆಪಟ್ಟರೆ ಮುಂದೆ ಇಬ್ಬರಿಗೂ ಕಷ್ಟ. ಆದರೆ ಎಲ್ಲರಿಗೂ ಒಂದೇ ನಿಯಮ ಇಡಬೇಕೆಂದೇನೂ ಇಲ್ಲ. ತೋಟದ ಕೂಲಿಗೆ ಹೋಗುವವರಿಗೆ ಅಡಿಕೆಯ ಕೊನೆ ಕೊಯ್ಲಿನ ಹೊತ್ತಿನಲ್ಲಿ ಕೈಯಲ್ಲಿ ದುಡ್ಡಿರುತ್ತದೆ, ಮಳೆಗಾಲದಲ್ಲಿ ಇರುವುದಿಲ್ಲ. ಕರಾವಳಿಯಲ್ಲಿ ಮೀನುಗಾರಿಕೆ ನಿಂತಿರುವ ಮಳೆಗಾಲದ ತಿಂಗಳುಗಳಲ್ಲೂ ಹಾಗೇ. ಅಂಥ ಮನೆಯವರು ಮೂರು ತಿಂಗಳದ್ದು ಒಟ್ಟಿಗೆ ಕೊಡುತ್ತೇವೆ ಅಂದರೆ ಒಪ್ಪಿಕೊಳ್ಳಿ. ಯಾರು ಎಷ್ಟು ಕೊಡುತ್ತಾರೆ ಅನ್ನುವುದು ನಿಮ್ಮ ಪುಸ್ತಕದಲ್ಲಿ ಮಾತ್ರ ಇರಲಿ. ಮಕ್ಕಳ ಎದುರು ಫೀ ಮಾತು ಎತ್ತಲೇಬೇಡಿ.

ಮೊದಲ ಮಕ್ಕಳು ಸಿಗುವುದು ಹೇಗೆ ಅಂದರೆ, ಅಕ್ಕಪಕ್ಕದ ಮನೆಯಿಂದ. ಕಿರಾಣಿ ಅಂಗಡಿಯವರಿಗೆ, ಅಂಗನವಾಡಿ ಟೀಚರಿಗೆ ಹೇಳಿಡಿ. ಒಂದು ಮಗು ಎರಡು ತಿಂಗಳಲ್ಲಿ ಕಥೆ ಓದಲು ಶುರು ಮಾಡಿದರೆ ಉಳಿದವರು ತಾವೇ ಬರುತ್ತಾರೆ.

ಮೊದಲ ದಿನ ಪುಸ್ತಕ ತೆಗೆಯಬೇಡಿ

ಪ್ರತಿ ಮಗುವಿಗೂ ಒಂದೊಂದು ಹಾಳೆ ಮಾಡಿ. ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿ ಮಕ್ಕಳ ಓದನ್ನು ನೋಡಲು ಬಳಸುವ ದಾರಿ ತುಂಬ ಸರಳ, ನಾನೂ ಅದನ್ನೇ ಬಳಸುತ್ತೇನೆ. ನಾಲ್ಕು ಮೆಟ್ಟಿಲು: ಬಿಡಿ ಅಕ್ಷರ, ಸಣ್ಣ ಪದ, ನಾಲ್ಕು ಸಾಲಿನ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಕಥೆ. ಮಗು ಯಾವ ಮೆಟ್ಟಿಲಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಲೆಕ್ಕದಲ್ಲೂ ಹಾಗೇ: 1ರಿಂದ 9 ಗುರುತಿಸುವುದು, 99ರವರೆಗೆ, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಇದನ್ನು ಪರೀಕ್ಷೆ ಅನ್ನಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, "ಬಾ ತಂಗಿ, ಇದು ಎಂತ ಬರೆದದ್ದು ನೋಡ್ವಾ" ಅಂದರೆ ಸಾಕು. ತಪ್ಪು ಓದಿದರೆ ತಿದ್ದಬೇಡಿ, ಸುಮ್ನೆ ಗುರುತು ಹಾಕಿಕೊಳ್ಳಿ. ನಾಲ್ಕನೇ ಕ್ಲಾಸಿನ ಮಗು ಪದದ ಮೆಟ್ಟಿಲಲ್ಲಿ ನಿಂತಿರುವುದು ಕಂಡರೆ ಗಾಬರಿ ಬೇಡ, ಇದು ತುಂಬ ಕಡೆ ಇದೆ. ಆದರೆ ಆ ಮಗುವಿಗೆ ನಾಲ್ಕನೇ ಕ್ಲಾಸಿನ ಪರಿಸರ ಅಧ್ಯಯನದ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲ. ತಾಯಿ ತಂದೆಯನ್ನು ಕರೆದು ಹಾಳೆ ತೋರಿಸಿ, "ಎರಡು ತಿಂಗಳು ಬರೀ ಓದು ಕಲಿಸುತ್ತೇನೆ, ಪಟ್ಟಿ ಖಾಲಿ ಕಾಣಬಹುದು" ಅಂತ ಅವತ್ತೇ ಹೇಳಿಬಿಡಿ.

ಕನ್ನಡ ಓದು

ನನಗೆ ಅತಿ ಪ್ರೀತಿಯ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾವೆಲ್ಲ ಅ ಆ ಇ ಈ ಅಂತ ಸಾಲಾಗಿ ಕಲಿತವರು. ಶಾಲೆಯಲ್ಲಿ ಈಗ ರ, ಗ, ಸ, ದ, ಅ ಅಂತ ಶುರು ಮಾಡುತ್ತಾರೆ. "ನಮ್ಮ ಮಗುವಿಗೆ ಅ ಆ ಇ ಈ ಬರುವುದಿಲ್ಲ" ಅಂತ ಮನೆಯವರು ಹೇಳಿದರೆ ಅದಕ್ಕೆ ಕಾರಣ ಇದು. ಈ ಕ್ರಮ ಒಳ್ಳೆಯದು. ಬರೆಯಲು ಸುಲಭವಾದ ಐದು ಅಕ್ಷರದಲ್ಲೇ ಸರ, ದರ, ಅರಸ, ಅಗಸ, ಗರಗಸ, ದಸರ ಇಷ್ಟು ಪದ ಓದಬಹುದು. ಮೊದಲ ವಾರವೇ ಮಗು 'ನಾನು ಓದಿದೆ' ಅನ್ನುತ್ತದೆ. 49 ಅಕ್ಷರ ಮುಗಿಯುವವರೆಗೆ ಕಾಯಿಸಿದರೆ ಆ ಖುಷಿ ಬರುವುದೇ ಇಲ್ಲ.

ಆಮೇಲೆ ಕಾಗುಣಿತ. ಮಕ್ಕಳು ಕ ಕಾ ಕಿ ಕೀ ಅಂತ ಹಾಡಿನ ಹಾಗೆ ಹೇಳುತ್ತಾರೆ, ನಡುವಿನಿಂದ 'ಕೇ' ಒಂದನ್ನೇ ತೋರಿಸಿದರೆ ಮೊದಲಿನಿಂದ ಎಣಿಸಿಕೊಂಡು ಬರುತ್ತಾರೆ. ಹಾಗೆ ಎಣಿಸಿದರೆ ಇನ್ನೂ ಬಂದಿಲ್ಲ ಅಂತಲೇ ಅರ್ಥ. ಚೀಟಿ ಮಾಡಿ, ಕಲಸಿ, ಒಂದೊಂದೇ ಎತ್ತಿಸಿ. ಹ್ರಸ್ವ ದೀರ್ಘದ ವ್ಯತ್ಯಾಸ ಕಿವಿಗೆ ಕೇಳಿಸಬೇಕು: ಕರು-ಕಾರು, ಎಡೆ-ಏಡಿ, ಕೊಡೆ-ಕೋಡು. ಗಟ್ಟಿಯಾಗಿ ಹೇಳಿಸಿ, ದೀರ್ಘ ಬಂದಾಗ ಕೈ ಚಾಚಿಸಿ.

ಒತ್ತಕ್ಷರದಲ್ಲಿ ತುಂಬ ಮಕ್ಕಳು ನಿಂತುಬಿಡುತ್ತಾರೆ. ಇಲ್ಲಿ ಒಂದು ಸಣ್ಣ ಉಪಾಯ ಇದೆ. ಕೆಲವು ಒತ್ತುಗಳು ಮೂಲ ಅಕ್ಷರದ ಹಾಗೇ ಕಾಣುತ್ತವೆ, ತಲೆಕಟ್ಟು ಮಾತ್ರ ಇರುವುದಿಲ್ಲ. ಮೊದಲು ಅವನ್ನೇ ಹಿಡಿಯಿರಿ: ಅಕ್ಕ, ಅಜ್ಜ, ಅಪ್ಪ, ಹಬ್ಬ. ಆಮೇಲೆ ರೂಪವೇ ಬದಲಾಗುವ ತ, ನ, ಮ, ಯ, ರ, ಲ ಒತ್ತುಗಳು: ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಈ ಆರನ್ನು ಬೇರೆಯೇ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅರ್ಕಾವತ್ತು ಕೊನೆಗೆ. ಅದು ಬರೆಯುವಾಗ ಹಿಂದೆ ಬಂದರೂ ಓದುವಾಗ ಮೊದಲು ಬರುತ್ತದೆ ಅನ್ನುವುದು ಮಗುವಿಗೆ ವಿಚಿತ್ರ, 'ಸೂರ್ಯ'ವನ್ನು 'ಸೂಯ್ರ' ಅಂತ ಓದುತ್ತದೆ.

ಓದಿಸಲು ನಾನು ಬಸ್ಸಿನ ಬೋರ್ಡು ಬಳಸುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರುಗಳ ಹೆಸರೇ ಒಂದು ಪಾಠ! ಕಾರವಾರದಲ್ಲಿ ಬರೀ ದೀರ್ಘ. ಬನವಾಸಿ, ಶಿರಸಿಯಲ್ಲಿ ಗುಡಿಸು. ಕುಮಟಾದಲ್ಲಿ ಕೊಂಬು. ಅಂಕೋಲಾ, ದಾಂಡೇಲಿಯಲ್ಲಿ ಸೊನ್ನೆ. ಯಲ್ಲಾಪುರ, ಹೊನ್ನಾವರ, ಸಿದ್ದಾಪುರದಲ್ಲಿ ಒತ್ತು. ಗೋಕರ್ಣಕ್ಕೆ ಬಂದರೆ ಅರ್ಕಾವತ್ತು. ಜಿಲ್ಲೆ ದಾಟಿ ಹುಬ್ಬಳ್ಳಿಗೆ ಹೋದರೆ ಒಂದಾದ ಮೇಲೊಂದು ಒತ್ತು. ಇವನ್ನು ಈ ಕ್ರಮದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಇಟ್ಟುಕೊಳ್ಳಿ. ಎರಡನೇ ಕ್ಲಾಸಿನ ಒಬ್ಬ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ತಾನೇ 'ಹೊನ್ನಾವರ' ಓದಿ, ಅಜ್ಜಿಯನ್ನು ಸರಿಯಾದ ಬಸ್ಸಿಗೆ ಹತ್ತಿಸಿದನಂತೆ. ಆ ಅಜ್ಜಿ ನಮ್ಮ ಮನೆಗೆ ಹುಡುಕಿಕೊಂಡು ಬಂದು ಒಂದು ಗೊನೆ ಬಾಳೆಹಣ್ಣು ಕೊಟ್ಟು ಹೋದರು.

ಕಥೆಗೆ ಬಂದ ಮೇಲೆ ಪಠ್ಯಪುಸ್ತಕ ಒಂದೇ ಸಾಲದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಇವೆ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ.

ಮನೆ ಮಾತಿನ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ಮನೆ ಮಾತು ಪುಸ್ತಕದ ಕನ್ನಡ ಅಲ್ಲ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ, ನಮ್ಮ ಕಡೆ ಹವ್ಯಕ ಕನ್ನಡ, ಉರ್ದು. ಕೊಂಕಣಿ ಮಗು 'ನೀರು' ಅಂತ ಸರಿಯಾಗಿಯೇ ಓದಬಹುದು, ಅದು ತನ್ನ 'ಉದಾಕ' ಅಂತ ಹೊಳೆಯದೆ ಇರಬಹುದು. ಅರ್ಥವನ್ನು ಅದರ ಮಾತಿನಲ್ಲೇ ಕೇಳಿ, ನಿಮಗೆ ಬಾರದಿದ್ದರೆ ಪಕ್ಕದ ಮಗು ಹೇಳಿಕೊಡುತ್ತದೆ. ಹವ್ಯಕ ಮಗು 'ಆನು' ಅಂತ ಬರೆದರೆ ಕೆಂಪು ಗೆರೆ ಎಳೆಯಬೇಡಿ. "ಇದು ಮನೆ ಮಾತು, ಪುಸ್ತಕದಲ್ಲಿ 'ನಾನು' ಅಂತಾರೆ" ಅಂದರೆ ಆಯಿತು. ಮನೆ ಮಾತನ್ನು ತಪ್ಪು ಅಂದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ.

ಲೆಕ್ಕ

42ರಲ್ಲಿ 17 ಕಳೆ ಅಂದರೆ ತುಂಬ ಮಕ್ಕಳು 35 ಅಂತ ಬರೆಯುತ್ತಾರೆ. ಅಜಾಗರೂಕತೆ ಅಂತ ಬೈಯಬೇಡಿ. 7ರಲ್ಲಿ 2 ಕಳೆದರೆ 5, 4ರಲ್ಲಿ 1 ಕಳೆದರೆ 3. ಯಾವಾಗಲೂ ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಅಂತ ಮಗು ತಾನೇ ಒಂದು ನಿಯಮ ಮಾಡಿಕೊಂಡಿದೆ. ಎಲ್ಲ ಲೆಕ್ಕದಲ್ಲೂ ಅದೇ ಥರ ತಪ್ಪು ಬಂದರೆ ಖಂಡಿತ ಇದೇ ಕಾರಣ. "ಹೇಗೆ ಮಾಡಿದೆ, ಹೇಳು" ಅಂತ ಕೇಳಿದರೆ ಮಗುವೇ ಹೇಳುತ್ತದೆ.

ತೆಂಗಿನ ಗರಿಯ ಕಡ್ಡಿ ಒಂದಿಷ್ಟು ತುಂಡು ಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿ. 42 ಅಂದರೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಅದರಲ್ಲಿ 17 ನನಗೆ ಕೊಡು ಅನ್ನಿ. ಏಳು ಬಿಡಿ ಕಡ್ಡಿ ಇಲ್ಲ. ಮಗು ಸ್ವಲ್ಪ ಹೊತ್ತು ಯೋಚಿಸಿ ಒಂದು ಕಟ್ಟು ಬಿಚ್ಚುತ್ತದೆ. ನೀವು ಬಿಚ್ಚಿ ಕೊಡಬೇಡಿ, ಕಾಯಿರಿ. ತಾನೇ ಬಿಚ್ಚಿದ ಮಗುವಿಗೆ ದಶಕ ತೆಗೆದುಕೊಳ್ಳುವುದು ಮತ್ತೆ ಮರೆತುಹೋಗುವುದಿಲ್ಲ. ಒಂದು ವಾರ ಕಡ್ಡಿಯಲ್ಲಿ, ಆಮೇಲೆ ಕಡ್ಡಿ ಮತ್ತು ಸ್ಲೇಟು ಎರಡೂ, ಆಮೇಲೆ ಬರೀ ಸ್ಲೇಟು. 'ನೂರಾ ಐದು' ಅಂದರೆ 1005 ಬರೆಯುವ ಮಗುವಿಗೂ ಬಿಡಿ, ಹತ್ತು, ನೂರರ ಇದೇ ಮದ್ದು.

ಮಗ್ಗಿ ಬಾಯಿಪಾಠ ಬೇಕು. ಆದರೆ ಏಳಾರಲಿ ಎಷ್ಟು ಅಂತ ನಡುವಿನಿಂದ ಕೇಳಿದರೆ ಹೇಳಲು ಬರಬೇಕು. ಮನೆಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೇಳುತ್ತೇನೆ. ಎಲ್ಲರಿಗೂ ಅದು ಆಟದ ಹಾಗೆ ಆಗಿದೆ.

ಇಂಗ್ಲಿಷ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಕ್ಕೆ ಹತ್ತು ನಿಮಿಷ, ಅಕ್ಷರದ ಹೆಸರಿಗಿಂತ ಅದರ ಶಬ್ದ ಮೊದಲು, ಐದು ಪದ, ಒಂದು ಸಣ್ಣ ವಾಕ್ಯ. ಇಂಗ್ಲಿಷ್ ಮೀಡಿಯಂ ಮಕ್ಕಳು ಥರ್ಟೀನ್-ಥರ್ಟಿ, ಫಿಫ್ಟೀನ್-ಫಿಫ್ಟಿ ಗೊಂದಲದಲ್ಲಿ ಲೆಕ್ಕ ತಪ್ಪಿಸುತ್ತಾರೆ. ಕನ್ನಡದಲ್ಲಿ ಹದಿಮೂರು, ಮೂವತ್ತು ಅಂತ ಹೇಳಿ ನೋಡಿ, ತಟ್ಟನೆ ಸರಿಹೋಗುತ್ತದೆ.

ದಿನದ ಒಂದು ಗಂಟೆ

ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ: ಒಂದು ಹಾಡು, ಒಂದು ಕಥೆ, ಇಲ್ಲವೇ ಶಾಲೆಯಲ್ಲಿ ಇವತ್ತು ಏನಾಯಿತು ಅಂತ ಮಾತು. ಮುಂದಿನ 35 ನಿಮಿಷ ಓದು ಮತ್ತು ಲೆಕ್ಕ, ನೀವು ಒಬ್ಬೊಬ್ಬರ ಪಕ್ಕ ಹೋಗಿ ಕೂರುತ್ತೀರಿ, ಉಳಿದವರು ಜೋಡಿಯಾಗಿ ಕೆಲಸ ಮಾಡುತ್ತಾರೆ. ಕೊನೆಯ ಹದಿನೈದು ನಿಮಿಷ ಹೋಂವರ್ಕ್. ಮುಗಿಯದಿದ್ದರೆ ಮನೆಯಲ್ಲಿ ಮಾಡಲಿ. ನೀವು ಬರೆದುಕೊಡಬೇಡಿ, ಒಂದು ಸಾಲೂ.

ಹೊಡೆಯುವುದು ಬೇಡ. "ಅಕ್ಕೋರೇ, ಎರಡು ಕೊಡಿ, ಪರವಾಗಿಲ್ಲ" ಅಂತ ಮನೆಯವರೇ ಹೇಳುತ್ತಾರೆ. ಆದರೂ ಬೇಡ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮನಸ್ಸಿಗೆ ನೋವು ಮಾಡುವುದನ್ನು ಕಾನೂನು ತಡೆದಿದೆ, ಜಗಲಿಯಲ್ಲಿ ಬೇರೆ ನಿಯಮ ಯಾಕೆ? ಹೆದರಿದ ಮಗು ತನಗೆ ಬರುವುದಿಲ್ಲ ಅನ್ನುವುದನ್ನು ಮುಚ್ಚಿಡುತ್ತದೆ. ಆಗ ನಿಮಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದೇ ಇಲ್ಲ.

ಮಳೆ, ಜಾತ್ರೆ, ಕೊಯ್ಲು

ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನ ಟ್ಯೂಷನ್ನಿಗೂ ರಜೆ. ಶಾಲೆಗೆ ಹೋಗುವುದು ಬೇಡ ಅಂದ ಮೇಲೆ ಹಳ್ಳದ ಕಾಲುಸಂಕ ದಾಟಿ ನಿಮ್ಮ ಮನೆಗೆ ಬರುವುದೂ ಬೇಡ. ಕೊನೆ ಕೊಯ್ಲಿನ ಹೊತ್ತಿನಲ್ಲಿ ರಾತ್ರಿ ಅಡಿಕೆ ಸುಲಿಯುವ ಮನೆಗಳಲ್ಲಿ ಮಕ್ಕಳೂ ತಡವಾಗಿ ಮಲಗುತ್ತಾರೆ, ಆ ದಿನಗಳಲ್ಲಿ ಹೊಸ ಪಾಠ ಕಡಿಮೆ ಮಾಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ವಾರ್ಷಿಕ ಪರೀಕ್ಷೆಯ ಹತ್ತಿರ ಬರುತ್ತದೆ. ಜಾತ್ರೆ ವಾರ ಶಿರಸಿಯಲ್ಲಿ ಯಾರೂ ಓದುವುದಿಲ್ಲ. ಜಾತ್ರೆ ವರ್ಷ ಜನವರಿಯಲ್ಲೇ ಪಾಠ ಒಂದಿಷ್ಟು ಮುಂದೆ ಓಡಿಸಿ ಇಟ್ಟುಕೊಳ್ಳಿ.

ಐದನೇ ಕ್ಲಾಸಿನ ಮಕ್ಕಳ ಮನೆಯವರು ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಗ್ಗೆ ಕೇಳಿಯೇ ಕೇಳುತ್ತಾರೆ. ನಮ್ಮ ಜಿಲ್ಲೆಯ ನವೋದಯ ಮುಂಡಗೋಡದಲ್ಲಿದೆ. ಎರಡು ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ, ಅದರಲ್ಲಿ 40 ಪ್ರಶ್ನೆ ಚಿತ್ರಗಳ ಮೇಲಿನ ಬುದ್ಧಿ ಪರೀಕ್ಷೆ, 20 ಲೆಕ್ಕ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು. ಸಲೀಸಾಗಿ ಓದಲು ಬರುವ ಮಗುವಿಗೆ ಮಾತ್ರ ಇದರ ತಯಾರಿ ಮಾಡಿಸಿ, ಅದೂ ವಾರಕ್ಕೆ ಎರಡು ದಿನ ಬೇರೆ ಹೊತ್ತಿನಲ್ಲಿ. ಓದಲು ತಡವರಿಸುವ ಮಗುವಿಗೆ ಈ ಭಾರ ಹೊರಿಸಬೇಡಿ, ಮನೆಯವರು ಎಷ್ಟೇ ಒತ್ತಾಯ ಮಾಡಿದರೂ.

ಮನೆಯವರ ಜೊತೆ ತಿಂಗಳಿಗೊಮ್ಮೆ ಐದು ನಿಮಿಷ ಮಾತಾಡಿ. ಮಾರ್ಕ್ಸ್ ಹೇಳಬೇಡಿ, ಮಗುವಿನ ಕೈಯಲ್ಲಿ ಒಂದು ಪ್ಯಾರಾ ಓದಿಸಿ ತೋರಿಸಿ. ಓದಲು ಬಾರದ ತಾಯಂದಿರಿಗೂ ಮಗು ತಡವರಿಸದೆ ಓದುವುದು ಕೇಳಿಸುತ್ತದೆ. ಎಷ್ಟು ಪ್ರಯತ್ನಪಟ್ಟರೂ ಆರು ತಿಂಗಳಲ್ಲಿ ಅಕ್ಷರ ನಿಲ್ಲದಿದ್ದರೆ ಕಣ್ಣು, ಕಿವಿ ತೋರಿಸಲು ಹೇಳಿ. ಹಲಗೆ ಕಾಣದೆ ಹಿಂದೆ ಬಿದ್ದಿದ್ದ ಒಬ್ಬ ಹುಡುಗ ಕನ್ನಡಕ ಬಂದ ಮೇಲೆ ಎರಡು ತಿಂಗಳಲ್ಲಿ ಉಳಿದವರ ಸಮಕ್ಕೆ ಬಂದ.

ಮಗುವಿಗೆ ಇನ್ನು ಟ್ಯೂಷನ್ ಬೇಡ ಅನ್ನಿಸಿದ ದಿನ ಅದನ್ನೂ ಹೇಳಿ. 500 ರೂಪಾಯಿ ಕಡಿಮೆಯಾಗುತ್ತದೆ ನಿಜ, ಆದರೆ ಆ ಜಾಗಕ್ಕೆ 'ಗಿಡ' ಓದಲು ಬಾರದ ಇನ್ನೊಂದು ಮಗು ಕಾಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ರಜೆ ಕೊಡುವಾಗ ಪ್ರತಿ ಮಗುವಿನ ಹಾಳೆಯಲ್ಲಿ ಈಗ ಯಾವ ಮೆಟ್ಟಿಲು ಅಂತ ಬರೆದು ತಾರೀಖು ಹಾಕಿ, ಮನೆಗೆ ಎರಡು ಕಥೆ ಪುಸ್ತಕ ಕೊಟ್ಟು ಕಳಿಸಿ. ಜೂನ್‌ನಲ್ಲಿ ಬಂದಾಗ ಅದೇ ಹಾಳೆ ತೆಗೆದು ಮತ್ತೆ ಓದಿಸಿ. ರಜೆಯಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿದಿರುವ ಮಕ್ಕಳು ಇದ್ದೇ ಇರುತ್ತಾರೆ, ಅವರಿಗೆ ಮೊದಲ ಹದಿನೈದು ದಿನ ಹಳೆಯ ಚೀಟಿಗಳನ್ನೇ ಆಡಿಸಿ, ಹೊಸ ಪುಸ್ತಕ ಆಮೇಲೆ.